ಹಿಡಿತದಿಂದ ಸವೆತಕ್ಕೆ: ಬೆನ್ನುನೋವಿನ ಚಿಕಿತ್ಸೆಯ ಚರಿತ್ರೆ ಮತ್ತು ಗಡಿಯ ಭಾಷೆಗಳು

1. ಎರಡು ಕ್ರಿಯಾಪದಗಳು

ಅಕ್ಕಲಕೋಟೆಯ ಆಸುಪಾಸಿನ ಹಳ್ಳಿಯಿಂದ ಸೊಲ್ಲಾಪುರದ ಆಸ್ಪತ್ರೆಗೆ ಬರುವ ಕನ್ನಡ ಮಾತಿನ ಹೆಣ್ಣುಮಗಳು ತನ್ನ ಬಾಧೆಯನ್ನು ‘ಟೊಂಕ ಹಿಡಕೊಂಡದ’ ಎಂದು ಹೇಳುತ್ತಾಳೆ. ಮಂಜೇಶ್ವರದಿಂದ ಕಾಸರಗೋಡಿಗೋ ಮಂಗಳೂರಿಗೋ ಹೋಗುವವರು ‘ಸೊಂಟ ಹಿಡಿದಿದೆ’ ಎನ್ನುತ್ತಾರೆ. ಬೆನ್ನಿನ ಚಿತ್ರ ತೆಗೆಸಿದ ಮೇಲೆ ಇಬ್ಬರೂ ಮನೆಗೆ ಹೊತ್ತು ತರುವುದು ಇನ್ನೊಂದೇ ವಾಕ್ಯವನ್ನು: ‘ಎಲುಬು ಸವೆದಿದೆ.’ ಹೋಗುವಾಗ ಇದ್ದ ಕ್ರಿಯಾಪದ ಬರುವಾಗ ಬದಲಾಗಿರುತ್ತದೆ. ಹಿಡಿದದ್ದು ಬಿಡಬಹುದು, ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಮೊದಲನೆಯದು ಒಂದು ಘಟನೆಯನ್ನು ಸೂಚಿಸಿದರೆ ಎರಡನೆಯದು ಒಂದು ತೀರ್ಪನ್ನು ಸೂಚಿಸುತ್ತದೆ.

ಈ ಕ್ರಿಯಾಪದದ ಬದಲಾವಣೆಯ ಹಿಂದೆ ದೀರ್ಘವಾದ ವೈದ್ಯಚರಿತ್ರೆಯೊಂದಿದೆ. ಅದನ್ನು ಸ್ಥೂಲವಾಗಿಯಾದರೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯ ಕೇವಲ ಶಬ್ದಕುತೂಹಲದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರು ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂಬ ಲೆಕ್ಕವಿದೆ. ಮನುಷ್ಯರನ್ನು ದುಡಿಮೆಯಿಂದ ದೂರವಿಡುವ ಕಾರಣಗಳಲ್ಲಿ ಇದಕ್ಕೆ ಅಗ್ರಸ್ಥಾನ. ಹೀಗಿರುವಲ್ಲಿ ನೋವಿಗೆ ಕೊಡುವ ಹೆಸರು, ಆ ಹೆಸರನ್ನು ಹೊತ್ತವರು ನಾಳೆ ಕೆಲಸಕ್ಕೆ ಏಳುತ್ತಾರೆಯೇ ಇಲ್ಲವೇ ಎಂಬುದನ್ನು ಒಂದು ಮಟ್ಟಿಗೆ ನಿರ್ಧರಿಸುತ್ತದೆ. ತಾಯ್ನುಡಿಯೊಂದು, ಆಸ್ಪತ್ರೆಯ ನುಡಿ ಇನ್ನೊಂದು, ವರದಿಯ ನುಡಿ ಮತ್ತೊಂದು ಆಗಿರುವ ಗಡಿಪ್ರದೇಶಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ.

2. ಗಡಿಯ ಭಾಷೆಗಳಲ್ಲಿ ನಡು

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದ ‘ಬೆನ್ನು’, ತೆಲುಗಿನ ‘ವೆನ್ನು’ ಒಂದೇ ಮೂಲದವು. ಕನ್ನಡದ ‘ನಡು’ ತೆಲುಗಿನಲ್ಲಿ ‘ನಡುಮು’, ಮಲಯಾಳದಲ್ಲಿ ‘ನಡು’ ಅಥವಾ ‘ನಡುವು’. ಆದುದರಿಂದ ರಾಯದುರ್ಗದಲ್ಲಿ ‘ನಡುಮು ನೊಪ್ಪಿ’ ಎಂಬುದೂ ಕಾಸರಗೋಡಿನಲ್ಲಿ ‘ನಡುವೇದನ’ ಎಂಬುದೂ ಕನ್ನಡಿಗನಿಗೆ ಅನುವಾದವಿಲ್ಲದೆ ತಿಳಿಯುತ್ತವೆ. ಹೊಸೂರಿನಲ್ಲಿ ಕೇಳಿಬರುವ ತಮಿಳಿನ ‘ಇಡುಪ್ಪು ವಲಿ’, ಸೊಲ್ಲಾಪುರದ ಮರಾಠಿಯ ‘ಕಂಬರದುಖಿ’ ಬೇರೆ ಶಬ್ದಮೂಲದವು. ‘ಉಳುಕು’ ಎಂಬುದು ಮಲಯಾಳದಲ್ಲಿ ‘ಉಳುಕ್ಕು’, ತಮಿಳಿನಲ್ಲಿ ‘ಸುಳುಕ್ಕು’. ‘ಗೂನು’ ತೆಲುಗಿನಲ್ಲಿ ಹಾಗೆಯೇ ಉಳಿದು, ತಮಿಳು ಮಲಯಾಳಗಳಲ್ಲಿ ‘ಕೂನ್’ ಆಗುತ್ತದೆ.

ನಾಮಪದಗಳಿಗಿಂತ ಕುತೂಹಲಕರವಾದದ್ದು ಕ್ರಿಯಾಪದ. ಕನ್ನಡದಲ್ಲಿ ಸೊಂಟ ‘ಹಿಡಿಯುತ್ತದೆ’. ತೆಲುಗಿನಲ್ಲಿ ‘ನಡುಮು ಪಟ್ಟೇಸಿಂದಿ’ ಎಂದರೂ ಹಿಡಿಯಿತೆಂದೇ ಅರ್ಥ. ತಮಿಳಿನ ‘ಪಿಡಿಪ್ಪು’, ಮಲಯಾಳದ ‘ಪಿಡಿತ್ತಂ’, ಮರಾಠಿಯ ‘ಕಂಬರ ಧರಲಿ’, ಎಲ್ಲವೂ ಅದೇ ಕಲ್ಪನೆಯನ್ನು ಹೊತ್ತಿವೆ. ಸಂಸ್ಕೃತದ ವೈದ್ಯಗ್ರಂಥಗಳೂ ಇದಕ್ಕೆ ಹೊರತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಲಾದ ಎಂಬತ್ತು ವಾತವಿಕಾರಗಳಲ್ಲಿ ತ್ರಿಕಗ್ರಹ, ಪೃಷ್ಠಗ್ರಹ ಎಂಬ ಹೆಸರುಗಳಿವೆ. ‘ಗ್ರಹ’ ಎಂದರೆ ಹಿಡಿತ. ಎರಡು ಭಾಷಾಕುಟುಂಬಗಳು, ಆರು ಭಾಷೆಗಳು, ಒಂದೇ ರೂಪಕ. ಹೊರಗಿನಿಂದ ಬಂದುದೊಂದು ದೇಹವನ್ನು ಹಿಡಿದಿದೆ, ಎಣ್ಣೆ, ಶಾಖ, ನೀವುವಿಕೆ, ಕಾಲ ಇವುಗಳಿಂದ ಅದು ಬಿಡುತ್ತದೆ ಎಂಬ ನಂಬಿಕೆ ಈ ರೂಪಕದ ಒಳಗಿದೆ.

ಈಗ ಇನ್ನೊಂದು ಸಾಲನ್ನು ಗಮನಿಸಬೇಕು. ಕನ್ನಡದ ‘ಸವೆತ’, ತಮಿಳು ಮಲಯಾಳಗಳ ‘ತೇಯ್ಮಾನಂ’, ತೆಲುಗಿನ ‘ಅರುಗುದಲ’, ಮರಾಠಿಯ ‘ಝೀಜ’. ಇಂದು ಗಡಿಯ ಆಚೀಚೆಯ ಆಸ್ಪತ್ರೆಗಳಲ್ಲಿ ರೋಗಿಗೆ ಹೇಳುವ ಮಾತು ಇದು. ಇಲ್ಲಿಯೂ ಎಲ್ಲ ಭಾಷೆಗಳು ಒಂದೇ ರೂಪಕವನ್ನು ಹಂಚಿಕೊಂಡಿವೆ. ಆದರೆ ಈ ಏಕರೂಪತೆಗೆ ಕಾರಣ ನೆರೆಹೊರೆಯಲ್ಲ. ಎಲ್ಲವೂ ಇಂಗ್ಲಿಷಿನ ಒಂದೇ ಪರಿಭಾಷೆಯನ್ನು ತಮ್ಮ ತಮ್ಮ ಮಾತಿಗೆ ಇಳಿಸಿಕೊಂಡಿವೆ. ಬೀಸುಕಲ್ಲು, ಚಪ್ಪಲಿ, ನಾಣ್ಯಗಳಿಗೆ ಸಲ್ಲುವ ‘ಸವೆ’ ಎಂಬ ಧಾತು ಮನುಷ್ಯನ ಬೆನ್ನಿಗೆ ಅಂಟಿಕೊಂಡದ್ದು ಹೇಗೆ?

3. ಏಣಿ, ಹಲಗೆ, ಎಣ್ಣೆ

ಬೆನ್ನನ್ನು ಬಲದಿಂದ ಸರಿಪಡಿಸುವ ಪ್ರಯತ್ನ ಬಹು ಹಳೆಯದು. ಹಿಪ್ಪೊಕ್ರಟಿಸನ ಹೆಸರಿನಲ್ಲಿರುವ ಕೀಲುಗಳನ್ನು ಕುರಿತ ಗ್ರಂಥದಲ್ಲಿ ಎರಡು ವಿಧಾನಗಳ ವರ್ಣನೆಯಿದೆ. ರೋಗಿಯನ್ನು ಏಣಿಗೆ ಕಟ್ಟಿ, ಏಣಿಯನ್ನು ಎತ್ತರಕ್ಕೆ ಏರಿಸಿ, ಒಮ್ಮೆಗೇ ಕೆಳಕ್ಕೆ ಬಿಟ್ಟು ಕುಲುಕುವುದು ಒಂದು. ಹಲಗೆಯ ಮೇಲೆ ಬೋರಲು ಮಲಗಿಸಿ, ಎರಡೂ ತುದಿಗಳಿಂದ ಎಳೆಯುತ್ತ, ಉಬ್ಬಿದ ಭಾಗವನ್ನು ಒತ್ತುವುದು ಇನ್ನೊಂದು. ಮೊದಲನೆಯ ವಿಧಾನದ ಬಗ್ಗೆ ಗ್ರಂಥಕಾರನಿಗೆ ಗೌರವವಿಲ್ಲ. ನೆರೆದ ಜನರನ್ನು ಬೆರಗುಗೊಳಿಸಲು ಬಯಸುವ ವೈದ್ಯರೇ ಅದನ್ನು ಹೆಚ್ಚಾಗಿ ಬಳಸುತ್ತಾರೆಂದು ಆತ ಟೀಕಿಸುತ್ತಾನೆ. ಬೆನ್ನಿನ ಚಿಕಿತ್ಸೆಯಲ್ಲಿ ಪ್ರದರ್ಶನ ಯಾವುದು, ಪ್ರಯೋಜನ ಯಾವುದು ಎಂಬ ಅನುಮಾನ ಆ ಚಿಕಿತ್ಸೆಯಷ್ಟೇ ಪ್ರಾಚೀನವೆಂಬುದು ಇದರಿಂದ ತಿಳಿಯುತ್ತದೆ.

ಎಳೆಯುವ ಹಲಗೆ ಗ್ರೀಕಿನಿಂದ ಅರಬ್ಬಿಗೆ, ಕಾರ್ಡೊಬಾದ ಅಲ್ ಜಹ್ರಾವಿಯ ಗ್ರಂಥಕ್ಕೆ, ಅಲ್ಲಿಂದ ಅನಾಟೋಲಿಯಾದ ಅಮಾಸ್ಯಾ ಊರಿನ ಶೆರಫೆದ್ದೀನ್ ಸಬುಂಜುವೊಗ್ಲುವಿನ 1465ರ ಶಸ್ತ್ರಚಿಕಿತ್ಸಾ ಗ್ರಂಥಕ್ಕೆ ಪ್ರಯಾಣ ಮಾಡಿತು. ಆತ ತನ್ನ ಸಚಿತ್ರ ಗ್ರಂಥವನ್ನು ಪಂಡಿತರ ಅರಬ್ಬಿಯಲ್ಲಿ ಬರೆಯದೆ ತುರ್ಕಿಯಲ್ಲಿ ಬರೆದನು. ವೈದ್ಯವು ದೇಶಭಾಷೆಗೆ ಇಳಿಯುವ ಈ ಬಗೆಯ ಕ್ಷಣಗಳು ನಮ್ಮ ಚರ್ಚೆಗೆ ಮುಖ್ಯವಾದವು. ಅಂತಹ ಇನ್ನೊಂದು ಕ್ಷಣ ಮೈಸೂರಿನಲ್ಲಿ ಎದುರಾಗಲಿದೆ.

ನಮ್ಮ ಕಡೆ ಬಲಕ್ಕಿಂತ ಸ್ನೇಹಕ್ಕೆ, ಅಂದರೆ ಜಿಡ್ಡಿಗೆ, ಹೆಚ್ಚಿನ ಸ್ಥಾನವಿತ್ತು. ವಾತಕ್ಕೆ ಸ್ನೇಹನ, ಸ್ವೇದನ, ಬಸ್ತಿ ಎಂಬುದು ಸಂಹಿತೆಗಳ ಕ್ರಮ. ಸಂಹಿತೆಗಳಲ್ಲಿ ಬಸ್ತಿಯೆಂದರೆ ಗುದದ್ವಾರದಿಂದ ಔಷಧವನ್ನು ಏರಿಸುವ ಕ್ರಿಯೆ; ಇಂದಿನ ಚಿಕಿತ್ಸಾಲಯಗಳ ಕಟಿಬಸ್ತಿಯಲ್ಲಾದರೋ ಉದ್ದಿನ ಹಿಟ್ಟಿನ ಕಟ್ಟೆಯನ್ನು ಸೊಂಟದ ಮೇಲೆ ಕಟ್ಟಿ ಬಿಸಿ ಎಣ್ಣೆಯನ್ನು ನಿಲ್ಲಿಸುತ್ತಾರೆ. ಹೆಸರು ಉಳಿದು ಕ್ರಿಯೆ ಬೇರೆಯಾಗಿದೆ. ಮಲಬಾರಿನಲ್ಲಿ ಕಳರಿಯ ಗುರುಗಳು ಯೋಧನ ದೇಹವನ್ನು ಹದಗೊಳಿಸಲು ಬಳಸುತ್ತಿದ್ದ ಉಳಿಚ್ಚಿಲ್ ಕ್ರಮವು ರೋಗಿಯ ದೇಹಕ್ಕೂ ಬಳಕೆಯಾಯಿತು. 1902ರಲ್ಲಿ ಪಿ. ಎಸ್. ವಾರಿಯರ್ ಅವರು ಕೋಟ್ಟಕ್ಕಲ್‌ನಲ್ಲಿ ಆರ್ಯ ವೈದ್ಯಶಾಲೆಯನ್ನು ಸ್ಥಾಪಿಸಿದ ನಂತರ ಕೇರಳದ ಎಣ್ಣೆಗಳು ಸಿದ್ಧ ಔಷಧಗಳಾಗಿ ದೂರದೂರದ ಊರುಗಳನ್ನು ತಲುಪಿದವು. ಇವೆಲ್ಲವುಗಳ ಹಿಂದೆ ಇದ್ದದ್ದು ‘ಹಿಡಿತ’ದ ಕಲ್ಪನೆಯೇ. ಗಂಟು ಬಿಡಿಸಿದಂತೆ ನೋವನ್ನು ಬಿಡಿಸುವುದು.

4. ನೆಟ್ಟಗಿರಬೇಕಾದ ಬೆನ್ನು

ಯುರೋಪಿನಲ್ಲಿ 18ನೆಯ ಶತಮಾನದಲ್ಲಿ ಬೆನ್ನಿನ ಚರಿತ್ರೆಗೆ ಹೊಸ ತಿರುವೊಂದು ಬಂತು. ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂದ್ರಿ 1741ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ‘ನೆಟ್ಟಗೆ’ ಮತ್ತು ‘ಮಗು’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಬೆಸೆದು ‘ಆರ್ಥೊಪೀಡಿ’ ಎಂಬ ಹೆಸರನ್ನು ಟಂಕಿಸಿದನು. ಸೊಟ್ಟ ಎಳೆಗಿಡವನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿದ ಅದರ ಚಿತ್ರ ಇಂದಿಗೂ ಮೂಳೆವೈದ್ಯರ ಸಂಘಗಳ ಲಾಂಛನ. ಇಲ್ಲಿ ವೈದ್ಯ ಮತ್ತು ಶಿಸ್ತು ಒಂದಾದವು. 20ನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಇದು ಸಾಮಾಜಿಕ ಆತಂಕವಾಗಿ ಬೆಳೆಯಿತು. 1914ರಲ್ಲಿ ಅಲ್ಲಿ ದೇಹಭಂಗಿಯ ಸುಧಾರಣೆಗೆಂದೇ ಒಂದು ಸಂಘ ಹುಟ್ಟಿತು. ಶಾಲೆ, ಕಾಲೇಜು, ಸೇನೆಗಳಲ್ಲಿ ಬೆನ್ನುಗಳ ತಪಾಸಣೆ ನಡೆಯಿತು. ಬಾಗಿದ ಬೆನ್ನು ರೋಗದ ಲಕ್ಷಣ ಮಾತ್ರವಾಗಿರದೆ ನಡತೆಯ ದೋಷವೂ ಆಯಿತು. ಇತಿಹಾಸಕಾರ್ತಿ ಬೆತ್ ಲಿಂಕರ್ 2024ರ ತಮ್ಮ ಪುಸ್ತಕದಲ್ಲಿ ಈ ಆತಂಕದ ಚರಿತ್ರೆಯನ್ನು ವಿಸ್ತಾರವಾಗಿ ಬಿಡಿಸಿದ್ದಾರೆ.

ಒಂದೇ ಒಂದು ‘ಸರಿಯಾದ’ ಭಂಗಿಯಿದೆ, ಅದನ್ನು ಪಾಲಿಸಿದರೆ ನೋವು ಬಾರದು ಎಂಬ ಮಾತಿಗೆ ಇಂದಿನ ಸಂಶೋಧನೆಯಲ್ಲಿ ಬಲವಾದ ಆಧಾರವಿಲ್ಲ. ದೀರ್ಘಕಾಲ ಒಂದೇ ಭಂಗಿಯಲ್ಲಿ ಇರಬೇಕಾಗುವುದು, ಅದು ಎಷ್ಟೇ ನೆಟ್ಟಗಿರಲಿ, ಬೆನ್ನಿಗೆ ಹಿತವಲ್ಲ. ಇಲ್ಲಿ ಒಂದು ಭೇದವನ್ನು ಮರೆಯಬಾರದು. ಹದಿಹರೆಯದಲ್ಲಿ ಬೆನ್ನುಮೂಳೆಯೇ ಪಕ್ಕಕ್ಕೆ ತಿರುಚಿಕೊಂಡು ಬೆಳೆಯುವ ಸ್ಥಿತಿ ಬೇರೆ. ಅದು ಕುಳಿತುಕೊಳ್ಳುವ ರೀತಿಯಿಂದ ಬಂದದ್ದಲ್ಲ. ಅಂತಹ ಮಕ್ಕಳಲ್ಲಿ ಕವಚ ತೊಡಿಸಿದಾಗ ಶೇ. 72ರಷ್ಟು, ತೊಡಿಸದಿದ್ದಾಗ ಶೇ. 48ರಷ್ಟು ಮಕ್ಕಳು ಶಸ್ತ್ರಚಿಕಿತ್ಸೆಯ ಹಂತವನ್ನು ಮುಟ್ಟದೆ ಬೆಳವಣಿಗೆಯನ್ನು ಪೂರೈಸಿದರೆಂದು 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾಗಳ ಅಧ್ಯಯನ ತೋರಿಸಿತು. ಆಂದ್ರಿಯ ಗೂಟಕ್ಕೆ ಅದರದೇ ಆದ ಜಾಗವಿದೆ. ಎಲ್ಲ ಗಿಡಗಳಿಗೂ ಗೂಟ ಬೇಕಿಲ್ಲ.

ನುಡಿಗಟ್ಟುಗಳಲ್ಲಿಯೂ ಈ ಎರಡು ದೃಷ್ಟಿಗಳ ಗುರುತು ಕಾಣುತ್ತದೆ. ‘ಬೆನ್ನೆಲುಬಿಲ್ಲದವನು’ ಎಂಬ ಬೈಗುಳಕ್ಕೆ ಇಂಗ್ಲಿಷಿನ ವಾಸನೆಯಿದೆ. ನಮ್ಮವರು ಮಾತಾಡಿದ್ದು ಬೆನ್ನಿಗೆ ನಿಲ್ಲುವುದರ, ಬೆನ್ನು ತಟ್ಟುವುದರ, ಟೊಂಕ ಕಟ್ಟುವುದರ ಬಗ್ಗೆ. ಅಲ್ಲಿ ಬೆನ್ನು ಇರುವುದು ಇನ್ನೊಬ್ಬರ ಸಂಬಂಧದಲ್ಲಿ, ಇಲ್ಲವೇ ಕೆಲಸದ ಸಂಬಂಧದಲ್ಲಿ.

5. ಚಿತ್ರದಲ್ಲಿ ಕಂಡ ನೋವು

1895ನೆಯ ವರ್ಷದಲ್ಲಿ ಎರಡು ಘಟನೆಗಳು ನಡೆದವು. ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ಪ್ರಾಂತದ ಡೇವನ್‌ಪೋರ್ಟ್ ಊರಿನಲ್ಲಿ ಡಿ. ಡಿ. ಪಾಮರ್ ಬೆನ್ನುಮೂಳೆಯನ್ನು ಕೈಯಿಂದ ಸರಿಹೊಂದಿಸುವ ಕೈರೊಪ್ರಾಕ್ಟಿಕ್ ಪದ್ಧತಿಗೆ ನಾಂದಿ ಹಾಡಿದನು. ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ರಾಂಟ್‌ಜೆನ್ ಕ್ಷಕಿರಣಗಳನ್ನು ಕಂಡುಹಿಡಿದನು. ಒಬ್ಬನು ಬೆನ್ನನ್ನು ಮುಟ್ಟಿ ತಿಳಿಯಬೇಕೆಂದನು. ಇನ್ನೊಬ್ಬನ ಶೋಧದಿಂದ ಮುಟ್ಟದೆ ನೋಡುವುದು ಸಾಧ್ಯವಾಯಿತು. ಮುಂದಿನ ಶತಮಾನದಲ್ಲಿ ಗೆದ್ದದ್ದು ನೋಟ.

1934ರಲ್ಲಿ ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಅವರು ಕಶೇರುಗಳ ನಡುವಿನ ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ನೋವು ಹುಟ್ಟಬಹುದೆಂದು ತೋರಿಸಿದರು. ಇದು ನಿಜವಾದ ಶೋಧ. ಕಾಲು ಬಲಗುಂದಿದ, ಮಲಮೂತ್ರಗಳ ಮೇಲಿನ ಹತೋಟಿ ತಪ್ಪಿದ ರೋಗಿಗಳಿಗೆ ತ್ವರಿತ ಶಸ್ತ್ರಚಿಕಿತ್ಸೆ ವರವಾಯಿತು. ಆದರೆ ಕೆಲವರ ವಿವರಣೆಯು ಬಹುಬೇಗ ಎಲ್ಲರ ವಿವರಣೆಯಾಯಿತು. ‘ಡಿಸ್ಕ್ ಜಾರಿದೆ’ ಎಂಬ ಮಾತು ಮನೆಮಾತಾಯಿತು. ವಾಸ್ತವವಾಗಿ ಡಿಸ್ಕ್ ಜಾರುವುದಿಲ್ಲ. ಅದು ಮೇಲಿನ ಕೆಳಗಿನ ಕಶೇರುಗಳಿಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಹೊರಕ್ಕೆ ಚಾಚಿದ ಅದರ ಭಾಗ ಅನೇಕರಲ್ಲಿ ಕಾಲಕ್ರಮೇಣ ತಾನಾಗಿಯೇ ಕುಗ್ಗುತ್ತದೆ. ನಾರ್ವೆಯ ಹೆನ್ರಿಕ್ ವೆಬರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಪಡೆದವರು ಒಂದು ವರ್ಷದ ಕೊನೆಗೆ ಉಳಿದವರಿಗಿಂತ ಮೇಲಾಗಿದ್ದರೂ ಹತ್ತು ವರ್ಷಗಳ ಕೊನೆಗೆ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ.

ಎಂ.ಆರ್.ಐ. ಬಂದ ಮೇಲೆ ನೋಟ ಇನ್ನಷ್ಟು ಸೂಕ್ಷ್ಮವಾಯಿತು, ಗೊಂದಲವೂ ಹೆಚ್ಚಿತು. 1994ರಲ್ಲಿ ಬೆನ್ನುನೋವಿಲ್ಲದ 98 ಜನರ ಚಿತ್ರಗಳನ್ನು ಪರೀಕ್ಷಿಸಿದಾಗ ಎಲ್ಲ ಡಿಸ್ಕುಗಳೂ ಸಹಜವಾಗಿದ್ದದ್ದು ಶೇ. 36ರಷ್ಟು ಜನರಲ್ಲಿ ಮಾತ್ರ. 2015ರಲ್ಲಿ ಇಂತಹ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯಾವ ನೋವೂ ಇಲ್ಲದವರಲ್ಲಿ ‘ಸವೆತ’ದ ಚಿಹ್ನೆ 20ರ ವಯಸ್ಸಿನಲ್ಲಿ ಶೇ. 37ರಷ್ಟು, 80ರ ವಯಸ್ಸಿನಲ್ಲಿ ಶೇ. 96ರಷ್ಟು ಜನರಲ್ಲಿ ಕಂಡುಬಂತು. ತಲೆಗೂದಲು ನರೆಯುವಂತೆ ಬೆನ್ನೂ ವಯಸ್ಸಾಗುತ್ತದೆ. ನರೆಗೂದಲನ್ನು ತಲೆನೋವಿನ ಕಾರಣವೆಂದು ನಾವು ಹೇಳುವುದಿಲ್ಲ.

ವಿಶ್ರಾಂತಿಯ ಚರಿತ್ರೆಯೂ ಇದೇ ದಾರಿಯದು. ಲಂಡನ್ನಿನ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ವಿಶ್ರಾಂತಿಯನ್ನು ಚಿಕಿತ್ಸೆಯ ಪಟ್ಟಕ್ಕೇರಿಸಿದವು. ಮುಂದಿನ ನೂರು ವರ್ಷಗಳ ಕಾಲ ಬೆನ್ನು ನೋಯುವವರಿಗೆ ‘ಮಲಗಿ’ ಎಂಬುದೇ ಆದೇಶ. 1986ರಲ್ಲಿ ರಿಚರ್ಡ್ ಡೇಯೋ ಮತ್ತು ಸಂಗಡಿಗರು ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿದಾಗ, ಹೆಚ್ಚು ಮಲಗಿದವರಿಗೆ ಹೆಚ್ಚಿನ ಗುಣವೇನೂ ಸಿಕ್ಕಿರಲಿಲ್ಲ. ಕೆಲಸದ ದಿನಗಳು ಮಾತ್ರ ಹೆಚ್ಚು ಹೋಗಿದ್ದವು. 1995ರಲ್ಲಿ ಹೆಲ್ಸಿಂಕಿಯ ನಗರಾಡಳಿತದ ನೌಕರರ ಅಧ್ಯಯನದಲ್ಲಿ, ಹೊಸದಾಗಿ ನೋವು ಕಾಣಿಸಿಕೊಂಡವರಲ್ಲಿ ಮಲಗಿದವರಿಗಿಂತಲೂ ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ಸಹಿಸಲು ಸಾಧ್ಯವಾದಷ್ಟು ಮಟ್ಟಿಗೆ ದಿನನಿತ್ಯದ ಓಡಾಟವನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು.

6. ಮದ್ರಾಸಿನ ಪಾಠ

ಇಷ್ಟನ್ನು ಓದಿ ಚಿತ್ರವೆಲ್ಲ ಸುಳ್ಳು, ನೋವೆಲ್ಲ ಹಿಡಿತ ಎಂದು ತೀರ್ಮಾನಿಸಿದರೆ ಅದು ಅಪಾಯಕರ. ದಕ್ಷಿಣ ಭಾರತದ ಚರಿತ್ರೆಯಲ್ಲಿಯೇ ಅದಕ್ಕೆ ತಕ್ಕ ಉತ್ತರವಿದೆ. ಇಂದು ಹಲವು ರಾಜ್ಯಗಳಲ್ಲಿ ಹಂಚಿಹೋಗಿರುವ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾಗಳೆಲ್ಲ ಒಂದು ಕಾಲಕ್ಕೆ ಒಂದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಆ ಪ್ರಾಂತದಲ್ಲಿ ‘ಗೂನು ಬೆನ್ನು’ ಎಂಬ ಮಾತಿನ ಹಿಂದೆ ಬಹಳ ಸಲ ಅಡಗಿದ್ದದ್ದು ಕ್ಷಯ.

ಬೆನ್ನುಮೂಳೆಯನ್ನು ಕ್ಷಯವು ತಿಂದು, ಬೆನ್ನು ಕೋನದಂತೆ ಬಾಗಿ, ಕಾಲುಗಳು ಸೋಲುವ ಸ್ಥಿತಿಯನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದನು. ಔಷಧವಿಲ್ಲದ ಕಾಲದಲ್ಲಿ ಇದ್ದ ಉಪಾಯ ಒಳ್ಳೆಯ ಗಾಳಿ, ಆಹಾರ, ತಿಂಗಳುಗಟ್ಟಲೆ ಅಲುಗಾಡದೆ ಮಲಗುವುದು. ಮದನಪಲ್ಲಿಯ ಬಳಿಯ ಆರೋಗ್ಯವರಂನಲ್ಲಿ 1915ರಲ್ಲಿ ತೆರೆದ ಕ್ಷಯರೋಗಧಾಮ ಆ ಯುಗದ ಸ್ಮಾರಕ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು, 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗ ಔಷಧಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾದ ಮೇಲೆ ಸ್ಥಿತಿ ಬದಲಾಯಿತು. ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲೇ ಇದ್ದು ಔಷಧ ತೆಗೆದುಕೊಳ್ಳುವುದು ರೋಗಧಾಮದ ವಾಸದಷ್ಟೇ ಪರಿಣಾಮಕಾರಿಯೆಂದು 1959ರಲ್ಲಿ ಆ ಕೇಂದ್ರ ತೋರಿಸಿತು. ಬೆನ್ನುಮೂಳೆಯ ಕ್ಷಯಕ್ಕೆ ಸಂಬಂಧಿಸಿದಂತೆ ಹಾಂಗ್‌ಕಾಂಗ್, ಕೊರಿಯಾ, ಬುಲವಾಯೊ ಮತ್ತು ಮದ್ರಾಸುಗಳಲ್ಲಿ ಪ್ರಯೋಗಗಳು ನಡೆದವು. 1999ರಲ್ಲಿ ಪ್ರಕಟವಾದ ಮದ್ರಾಸ್ ಪ್ರಯೋಗದ ಹತ್ತು ವರ್ಷಗಳ ಫಲಿತಾಂಶದ ಪ್ರಕಾರ, ಓಡಾಡಿಕೊಂಡೇ ಅಲ್ಪಾವಧಿಯ ಔಷಧ ಪಡೆದ ರೋಗಿಗಳು ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವರಿಗಿಂತ ಹಿಂದುಳಿದಿರಲಿಲ್ಲ.

ಈ ಅಧ್ಯಾಯದಿಂದ ಎರಡು ಪಾಠಗಳಿವೆ. ರಾತ್ರಿಯ ನೋವು, ಜ್ವರ, ತೂಕದ ಇಳಿತ, ಕಾಲಿನ ಬಲಹೀನತೆ, ಮಲಮೂತ್ರಗಳ ಹತೋಟಿ ತಪ್ಪುವುದು, ಬಿದ್ದು ಪೆಟ್ಟಾದ ನಂತರದ ನೋವು, ಇವುಗಳನ್ನು ಎಣ್ಣೆಯಿಂದ ನೀವಿ ಕಾಯಬಾರದು. ಅಲ್ಲಿ ಚಿತ್ರ ಬೇಕು, ತಕ್ಷಣ ಬೇಕು. ಇದು ಮೊದಲನೆಯದು. ಕಾರಣವು ನಿಜಕ್ಕೂ ಮೂಳೆಯಲ್ಲಿದ್ದಾಗಲೂ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕುವುದು ಅನಿವಾರ್ಯವಲ್ಲ ಎಂಬುದು ಎರಡನೆಯದು.

7. ಮೈಸೂರಿನಿಂದ ಹೊರಟ ಪುಸ್ತಕ

ಮಿಕ್ಸ್‌ಟರ್ ಮತ್ತು ಬಾರ್ ಅವರ ಪ್ರಬಂಧ ಬಂದ ಅದೇ 1934ರಲ್ಲಿ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗಮಕರಂದ’ ಪ್ರಕಟವಾಯಿತು. ಅದು ಕನ್ನಡದ ಪುಸ್ತಕ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಲೇಖಕರು ಸಂಸ್ಕೃತದ ಪರಿಭಾಷೆಯನ್ನು ಓದುಬಲ್ಲ ಕನ್ನಡಿಗನಿಗೆ ಚಿತ್ರಸಹಿತ ಒದಗಿಸಿದರು. ಅಮಾಸ್ಯಾದ ವೈದ್ಯ ತುರ್ಕಿಗೆ ಮಾಡಿದ ಕೆಲಸದ ನೆನಪಾಗುವುದು ಇಲ್ಲಿ.

ಕೃಷ್ಣಮಾಚಾರ್ಯರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದರು. ಹಗ್ಗ, ಕುರ್ಚಿ, ಮರದ ದಿಮ್ಮಿ, ಪಟ್ಟಿಗಳ ನೆರವಿನಿಂದ ಅಶಕ್ತನಾದವನೂ ಆಸನ ಮಾಡಬಹುದಾದ ಕ್ರಮವನ್ನು ಅವರು ರೂಪಿಸಿದರು. 1966ರ ಅವರ ಇಂಗ್ಲಿಷ್ ಪುಸ್ತಕ ಈ ಕ್ರಮವನ್ನು ಜಗತ್ತಿಗೆ ಒಯ್ದಿತು. 2005ರಲ್ಲಿ ವೆಸ್ಟ್ ವರ್ಜೀನಿಯಾದ ಸಂಶೋಧಕರು ದೀರ್ಘಕಾಲದ ಬೆನ್ನುನೋವಿನ ಮೇಲೆ ಹದಿನಾರು ವಾರಗಳ ಅಯ್ಯಂಗಾರ್ ಯೋಗವನ್ನು ಪರೀಕ್ಷಿಸಿ ನೋವು ಮತ್ತು ಅಸಾಮರ್ಥ್ಯಗಳು ಇಳಿದುದನ್ನು ವರದಿ ಮಾಡಿದರು. 2008ರಲ್ಲಿ ಬೆಂಗಳೂರಿನಲ್ಲಿ 80 ರೋಗಿಗಳ ಮೇಲೆ ನಡೆದ ಒಂದು ವಾರದ ವಸತಿಸಹಿತ ಯೋಗಚಿಕಿತ್ಸೆಯ ಅಧ್ಯಯನವೂ ಅನುಕೂಲಕರ ಫಲವನ್ನೇ ತೋರಿತು. ಆದರೆ ಅತಿಶಯೋಕ್ತಿ ಸಲ್ಲದು. ಒಟ್ಟಾರೆ ಸಾಕ್ಷ್ಯಗಳ ಪ್ರಕಾರ ಯೋಗದ ಪ್ರಯೋಜನ ಸಾಧಾರಣ ಪ್ರಮಾಣದ್ದು. ಇತರ ಒಳ್ಳೆಯ ವ್ಯಾಯಾಮಗಳಿಗಿಂತ ಅದು ಬಹಳ ಮೇಲು ಎನ್ನುವಂತಿಲ್ಲ. ಯಾವ ವ್ಯಾಯಾಮ ಎಂಬುದಕ್ಕಿಂತ, ಹೆದರದೆ ಬಿಡದೆ ಮಾಡಬಲ್ಲ ವ್ಯಾಯಾಮ ಯಾವುದು ಎಂಬುದು ಹೆಚ್ಚು ಮುಖ್ಯ.

8. ಮೊರ, ಮಗ್ಗ, ಸಾವಿರದ ಲೆಕ್ಕ

ಇದುವರೆಗಿನ ಚರಿತ್ರೆಯಲ್ಲಿ ಕಾಣದೆ ಉಳಿದದ್ದು ಕೆಲಸ. ಅದನ್ನು ಮೊದಲು ಕ್ರಮಬದ್ಧವಾಗಿ ಕಂಡವನು ಇಟಲಿಯ ಬೆರ್ನಾರ್ದಿನೊ ರಮಜ್ಜಿನಿ. ದುಡಿಯುವವರ ರೋಗಗಳನ್ನು ಕುರಿತು 1700ರಲ್ಲಿ ಮೊದಲು ಪ್ರಕಟವಾದ ಅವನ ಲ್ಯಾಟಿನ್ ಗ್ರಂಥದಲ್ಲಿ ನೇಕಾರರೂ ಇದ್ದಾರೆ, ಕುಳಿತೇ ದುಡಿಯುವ ದರ್ಜಿ ಮತ್ತು ಚಮ್ಮಾರರೂ ಇದ್ದಾರೆ. ಮೆರವಣಿಗೆಯಲ್ಲಿ ಬಾಗಿದ ಬೆನ್ನಿನಿಂದ ನಡೆಯುವ ದರ್ಜಿಗಳನ್ನು ಆತ ನೆನೆಯುತ್ತಾನೆ. ರಜೆಯ ದಿನಗಳಲ್ಲಾದರೂ ಅವರು ಮೈ ಆಡಿಸಲಿ ಎಂದು ಸಲಹೆ ಕೊಡುತ್ತಾನೆ. ವೈದ್ಯನು ರೋಗಿಗೆ ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬೇನು?’ ಎಂಬುದನ್ನು ಸೇರಿಸಿದ ಕೀರ್ತಿ ಅವನದು.

ಆ ಪ್ರಶ್ನೆಯನ್ನು ಸೊಲ್ಲಾಪುರದಲ್ಲಿ ಕೇಳಿದರೆ ಸಿಗುವ ಉತ್ತರಗಳು ಮಗ್ಗ ಮತ್ತು ಬೀಡಿ. ಕುಣಿಮಗ್ಗದಲ್ಲಿ ನೇಕಾರ ನೆಲದ ಅಂಚಿಗೆ ಕುಳಿತು, ಕಾಲುಗಳನ್ನು ಕುಣಿಗೆ ಇಳಿಬಿಟ್ಟು, ಹಲಗೆಗಳನ್ನು ತುಳಿಯುತ್ತ, ಪ್ರತಿ ಎಳೆಗೂ ಮುಂದಕ್ಕೆ ಬಾಗುತ್ತಾನೆ. 1733ರಲ್ಲಿ ಜಾನ್ ಕೇ ರೂಪಿಸಿದ ಹಾರುಲಾಳಿ ತೋಳು ಚಾಚುವ ಶ್ರಮವನ್ನು ಕಡಿಮೆ ಮಾಡಿತು. ವೇಗವನ್ನು ಹೆಚ್ಚಿಸಿ ಬೇರೆ ಶ್ರಮವನ್ನು ತಂದಿತು. ಸೊಲ್ಲಾಪುರದಲ್ಲಾಗಲಿ ಕಾಸರಗೋಡಿನಲ್ಲಾಗಲಿ ಬೀಡಿ ಕಟ್ಟುವ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತು ಬಗ್ಗಿಸಿ ತಾಸುಗಟ್ಟಲೆ ನೆಲದ ಮೇಲೆ ಕೂರುತ್ತಾರೆ. ಕೂಲಿ ಸಾವಿರ ಬೀಡಿಗಳ ಲೆಕ್ಕದಲ್ಲಿ. ‘ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ’ ಎಂಬ ವೈದ್ಯಸಲಹೆ ಅವರ ಕಿವಿಯಲ್ಲಿ ‘ಕೂಲಿ ಬಿಡಿ’ ಎಂದೇ ಕೇಳುತ್ತದೆ. ಬೀಡಿ ಕಾರ್ಮಿಕರ ಕೆಲಸದ ಸ್ಥಿತಿಗತಿಗಳನ್ನು ಕುರಿತು 1966ರಲ್ಲಿ, ಅವರ ಕಲ್ಯಾಣನಿಧಿಯನ್ನು ಕುರಿತು 1976ರಲ್ಲಿ ಕಾಯಿದೆಗಳು ಬಂದವು. ಮನೆಯ ಮೂಲೆಯಲ್ಲಿ ಮೊರ ಹಿಡಿದು ಕುಳಿತ ಭಂಗಿಯನ್ನು ಮಾತ್ರ ಯಾವ ಕಾಯಿದೆಯೂ ಮುಟ್ಟಲಿಲ್ಲ.

ಇವರಿಗೆ ‘ಎಲುಬು ಸವೆದಿದೆ’ ಎಂದು ಹೇಳುವುದರ ಪರಿಣಾಮವನ್ನು ಊಹಿಸಬೇಕು. ಆಕೆ ಜೀವ ಸವೆಸಿ ದುಡಿದವಳು. ಈಗ ತಾನೇ ಸವೆದೆನೆಂಬ ಅಧಿಕೃತ ಮುದ್ರೆ ಬಿದ್ದಂತಾಯಿತು. ಒಂದೋ ಆಕೆ ಕೆಲಸ ಬಿಡುತ್ತಾಳೆ, ಇಲ್ಲವೇ ಪ್ರತಿ ಬಾಗುವಿಕೆಯಲ್ಲಿಯೂ ಇನ್ನಷ್ಟು ಸವೆಯುತ್ತಿದ್ದೇನೆಂಬ ಭಯದಲ್ಲಿ ಕೆಲಸ ಮಾಡುತ್ತಾಳೆ. ಈ ಭಯವೇ ನೋವನ್ನು ದೀರ್ಘಗೊಳಿಸುವ ಕಾರಣಗಳಲ್ಲಿ ಒಂದೆಂಬುದು ಇಂದು ಸ್ಥಾಪಿತ ತಿಳಿವಳಿಕೆ.

9. ಮಾತೂ ಚಿಕಿತ್ಸೆಯ ಭಾಗ

2018ರ ಲ್ಯಾನ್ಸೆಟ್ ಪತ್ರಿಕೆಯ ಲೇಖನಮಾಲೆಯೂ 2023ರ ಡಿಸೆಂಬರಿನ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುವುದು ಹೆಚ್ಚುಕಡಿಮೆ ಒಂದೇ. ನಿರ್ದಿಷ್ಟ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ದೀರ್ಘಕಾಲದ ಬೆನ್ನುನೋವಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ, ಅಂಗಮರ್ದನದಂತಹ ಕೆಲವು ದೈಹಿಕ ಚಿಕಿತ್ಸೆಗಳು, ಮನೋವೈಜ್ಞಾನಿಕ ನೆರವು, ಅಗತ್ಯವಿದ್ದಲ್ಲಿ ಸ್ಟೀರಾಯ್ಡ್ ಅಲ್ಲದ ಉರಿಯೂತನಿವಾರಕ ಔಷಧ. ಸೊಂಟದ ಪಟ್ಟಿ, ಎಳೆತ, ಅಫೀಮು ವರ್ಗದ ಔಷಧಗಳನ್ನು ದಿನನಿತ್ಯದ ಚಿಕಿತ್ಸೆಯಾಗಿ ಬಳಸಬಾರದೆಂದು ಮಾರ್ಗಸೂಚಿ ಹೇಳುತ್ತದೆ. ಹಿಪ್ಪೊಕ್ರಟಿಸನ ಹಲಗೆ ಕೊನೆಗೂ ಮೂಲೆ ಸೇರಿತು. ಟೊಂಕ ಕಟ್ಟುವುದು ನುಡಿಗಟ್ಟಾಗಿ ಮಾತ್ರ ಉಳಿಯಿತು.

ಪಟ್ಟಿಯ ಮೊದಲಲ್ಲೇ ಇರುವ ‘ತಿಳಿವಳಿಕೆ’ ಭಾಷೆಯಿಲ್ಲದೆ ನಡೆಯುವ ಚಿಕಿತ್ಸೆಯಲ್ಲ. ರೊನಾಲ್ಡ್ ಮೆಲ್‌ಜಾಕ್ 1975ರಲ್ಲಿ ನೋವನ್ನು ಅಳೆಯಲು ರಚಿಸಿದ ಪ್ರಸಿದ್ಧ ಪ್ರಶ್ನಾವಳಿಯಲ್ಲಿರುವುದು 20 ಗುಂಪುಗಳಾಗಿ ಜೋಡಿಸಿದ 78 ಇಂಗ್ಲಿಷ್ ವಿಶೇಷಣಗಳು. ಅದು ಒಂದರ್ಥದಲ್ಲಿ ನೋವಿನ ನಿಘಂಟು. ಸೆಳೆತ, ಚಳುಕು, ಜೋಮು, ಉರಿ, ಹಿಡಿತ, ಉಳುಕು ಎಂಬ ನಮ್ಮ ಮಾತುಗಳೆಲ್ಲವೂ ಅದರ ಗುಂಪುಗಳಿಗೆ ನೇರವಾಗಿ ಹೊಂದುವುದಿಲ್ಲ. ಜತ್ತದಲ್ಲಿ ಮರಾಠಿಯ ಮೂಲಕ, ವಯನಾಡಿನಲ್ಲಿ ಮಲಯಾಳದ ಮೂಲಕ, ಮಡಕಶಿರಾದಲ್ಲಿ ತೆಲುಗಿನ ಮೂಲಕ ವೈದ್ಯರನ್ನು ತಲುಪುವ ಕನ್ನಡಿಗನ ನೋವು ಎರಡು ಸಲ ಅನುವಾದವಾಗಿ ಇಂಗ್ಲಿಷ್ ವರದಿಯಾಗುತ್ತದೆ. ಹಿಂತಿರುಗುವಾಗ ‘ಸವೆತ’ ಎಂಬ ಒಂದೇ ಶಬ್ದವಾಗಿ ಬರುತ್ತದೆ.

ಇಲ್ಲಿ ಭಾಷಾಧ್ಯಯನದ ಕೇಂದ್ರಗಳಿಗೆ ಒಂದು ಕೆಲಸವಿದೆ. ಗಡಿಯ ಪ್ರತಿಯೊಂದು ಪ್ರದೇಶದಲ್ಲಿ ಜನರು ನೋವಿಗೆ ಬಳಸುವ ಮಾತುಗಳನ್ನು ಸಂಗ್ರಹಿಸಿ, ನೆರೆಯ ಭಾಷೆಯ ಸಮಾನಪದಗಳೊಂದಿಗೆ ಒಂದೆರಡು ಪುಟಗಳ ಪಟ್ಟಿಯಾಗಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸುವುದು. ಜೊತೆಗೆ ‘ಸವೆತ’ಕ್ಕೆ ಬದಲಾಗಿ ‘ವಯಸ್ಸಿಗೆ ಸಹಜವಾದ ಬದಲಾವಣೆ’ ಎಂಬಂತಹ, ಸತ್ಯಕ್ಕೂ ಹತ್ತಿರವಾದ ಧೈರ್ಯಕ್ಕೂ ಹತ್ತಿರವಾದ ಮಾತುಗಳನ್ನು ಎಲ್ಲ ಗಡಿಭಾಷೆಗಳಲ್ಲಿ ವೈದ್ಯರ ಮುಂದಿಡುವುದು. ನೆರೆಹೊರೆಯ ಆರು ಭಾಷೆಗಳು ಸಮಾಲೋಚನೆಯಿಲ್ಲದೆಯೇ ‘ಹಿಡಿತ’ ಎಂಬ ಒಂದೇ ರೂಪಕಕ್ಕೆ ಬಂದಿದ್ದವು. ಅದು ರೋಗನಿದಾನವಲ್ಲ, ನಿಜ. ಆದರೆ ಬಿಟ್ಟೀತು ಎಂಬ ನಿರೀಕ್ಷೆಗೆ ಅದರಲ್ಲಿ ಎಡೆಯಿತ್ತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ನಾಳೆ ಬೆಳಗ್ಗೆ ಮತ್ತೆ ಕೂರಲೇಬೇಕಾದವಳಿಗೆ ಆ ಎಡೆ ಬೇಕು.